ಕಾಲರಿನ ಎಡ ತುದಿಯಲ್ಲಿರುವ ಹಳದಿ ಗುರುತಿನ ಕುರಿತು

ಮೊದಲಿಗೆ ಒಂದು ಮಾತನ್ನು ನಿವೇದಿಸಿಕೊಳ್ಳುತ್ತೇನೆ. ನಾನು ಬರಹಗಾರ್ತಿಯಲ್ಲ. ಹದಿನೇಳು ವರ್ಷಗಳಿಂದ ಸರ್ಕಾರಿ ಕಚೇರಿಯೊಂದರಲ್ಲಿ ಪತ್ರಗಳ ಕರಡು ತಯಾರಿಸುವ ಕೆಲಸ ಮಾಡುತ್ತಿದ್ದೇನೆ. ನಾನು ಬರೆದ ಯಾವ ಪತ್ರದ ಕೆಳಗೂ ನನ್ನ ಸಹಿ ಇರುವುದಿಲ್ಲ. ಆದಕಾರಣ ವಾಕ್ಯವೊಂದನ್ನು ‘ನಾನು’ ಎಂದು ಆರಂಭಿಸುವಾಗಲೆಲ್ಲ, ಯಾರದೋ ಅನುಮೋದನೆ ಪಡೆಯದೆ ಮುಂದುವರಿಯುತ್ತಿದ್ದೇನೆಂಬ ಅಳುಕು ಉಂಟಾಗುತ್ತದೆ. ಆದರೂ ಬರೆಯುತ್ತಿರುವುದಕ್ಕೆ ಕಾರಣವಿದೆ. ಶ್ರೀರಾಂಪುರದ ಹೆಣ್ಣುಮಗಳೊಬ್ಬರು ಕಳೆದ ತಿಂಗಳು ನನ್ನ ಮೊಬೈಲಿಗೆ ಒಂದು ಪ್ರಶ್ನೆ ಕಳುಹಿಸಿದರು. ಅದಕ್ಕೆ ಒಂದು ಸಾಲಿನ ಉತ್ತರ ಸಾಕಾಗಿತ್ತು. ಮೂರು ಬಾರಿ ಬರೆದು ಮೂರು ಬಾರಿಯೂ ಅಳಿಸಿದೆ. ಪ್ರಶ್ನೆ ಯಾವುದೆಂಬುದನ್ನು ಅದು ಬರುವ ಜಾಗದಲ್ಲಿ ತಿಳಿಸುತ್ತೇನೆ.

ನನ್ನ ಮಗಳು ವೈದ್ಯಕೀಯ ಓದಿದ್ದು ಆರ್ಮೇನಿಯಾ ದೇಶದ ಯೆರೆವಾನ್ ನಗರದಲ್ಲಿ. ಇಲ್ಲಿ ಸರ್ಕಾರಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ; ಖಾಸಗಿ ಕಾಲೇಜು ನಮ್ಮ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಅವಳಿಗೆ ಎಂಟು ವರ್ಷವಾಗಿದ್ದಾಗ ನಮ್ಮ ಯಜಮಾನರು ತೀರಿಕೊಂಡರು. ಅನುಕಂಪದ ಆಧಾರದ ಮೇಲೆ ಅವರ ಇಲಾಖೆಯಲ್ಲಿಯೇ ನನಗೆ ಕೆಲಸ ದೊರೆಯಿತು. ಅಂದಿನಿಂದ ಚಾಮರಾಜಪೇಟೆಯ ಎರಡನೇ ಮಹಡಿಯ ಮನೆಯಲ್ಲಿ ನಾವಿಬ್ಬರೇ. ಅವಳು ಹೊರಟ ಮೇಲೆ ಆರು ವರ್ಷ ನಾನೊಬ್ಬಳೇ.

ಯೆರೆವಾನಿನಲ್ಲಿ ಅವಳು ಒಬ್ಬ ವೃದ್ಧೆಯ ಮನೆಯಲ್ಲಿ ಕೋಣೆ ಬಾಡಿಗೆಗೆ ಪಡೆದಿದ್ದಳು. ಅಲ್ಲಿ ಅಜ್ಜಿಯನ್ನು ತಾತಿಕ್ ಎನ್ನುತ್ತಾರಂತೆ. ಅವಳೂ ಹಾಗೆಯೇ ಕರೆಯುತ್ತಿದ್ದಳು, ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಮೂರನೇ ವರ್ಷದ ಚಳಿಗಾಲದಲ್ಲಿ ಮಗಳಿಗೆ ನ್ಯುಮೋನಿಯಾ ಆಯಿತು. ನಾನು ಹೋಗಬೇಕಾಗಿತ್ತು. ಸರ್ಕಾರಿ ನೌಕರರು ವಿದೇಶಕ್ಕೆ ತೆರಳಲು ಇಲಾಖೆಯ ಅನುಮತಿ ಬೇಕು. ಅನುಮತಿ ಕೋರುವ ಪತ್ರವನ್ನು ನಾನೇ ಬರೆದೆ. ಅದನ್ನು ಮೇಲಧಿಕಾರಿಗಳ ಮುಂದೆ ಮಂಡಿಸುವ ಟಿಪ್ಪಣಿಯನ್ನೂ, ನನ್ನ ಮೇಜಿಗೇ ಬಂದದ್ದರಿಂದ, ನಾನೇ ಬರೆದೆ: ‘ಸದರಿ ನೌಕರರ ಕೋರಿಕೆಯನ್ನು ಪರಿಶೀಲಿಸಬಹುದಾಗಿದೆ.’ ಕಡತವು ಮೇಜುಗಳನ್ನು ದಾಟಿ ಹಿಂದಿರುಗುವ ಹೊತ್ತಿಗೆ ಮಗಳು ಚೇತರಿಸಿಕೊಂಡು ತರಗತಿಗೆ ಹೋಗುತ್ತಿದ್ದಳು.

ಅವಳು ಮಲಗಿದ್ದ ಹತ್ತೊಂಬತ್ತು ದಿನವೂ ಹಾಸಿಗೆಯ ಪಕ್ಕದಲ್ಲಿ ಮರದ ಕುರ್ಚಿ ಹಾಕಿಕೊಂಡು ಕುಳಿತವರು ತಾತಿಕ್. ಪ್ರತಿ ಸಂಜೆ ಮಗಳ ಫೋನಿನಿಂದ ಅವರೇ ನನಗೆ ವಿಡಿಯೊ ಕರೆ ಮಾಡುತ್ತಿದ್ದರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಕಪ್ಪು ಉಡುಪು, ಕುತ್ತಿಗೆಯ ಸುತ್ತ ಬಿಳಿಯ ಲೇಸಿನ ಕಾಲರ್, ಅದರ ಮೇಲೊಂದು ದಣಿದ ಮುಖ. ಎರಡು ಮಾತು ಹೇಳಿ, ಫೋನನ್ನು ಮಗಳ ಎದೆಯ ಕಡೆಗೆ ತಿರುಗಿಸಿ ಹಿಡಿದುಕೊಳ್ಳುತ್ತಿದ್ದರು. ಹೊದಿಕೆಯು ಏರಿ ಇಳಿಯುವುದನ್ನು ನಾನು ನೋಡಲಿ ಎಂದು. ಎಷ್ಟು ಹೊತ್ತು ನೋಡಿದರೂ ಅವರ ಕೈ ಅಲುಗುತ್ತಿರಲಿಲ್ಲ.

ಇದಕ್ಕೆ ನಾನು ಕೃತಜ್ಞತೆ ಸಲ್ಲಿಸಿರಲಿಲ್ಲ. ಮಗಳನ್ನು ಕೇಳಿದರೆ, “ನಿನ್ ಪರವಾಗಿ ಥ್ಯಾಂಕ್ಸ್ ಹೇಳ್ದೆ ಅಮ್ಮಾ, ಆಯ್ತಲ್ಲ,” ಎನ್ನುತ್ತಿದ್ದಳು. ಆಗಿರಲಿಲ್ಲ.

ಓದು ಮುಗಿಸಿ ಅವಳು ಹಿಂದಿರುಗಿದಾಗ ಸೂಟ್‌ಕೇಸಿನಲ್ಲಿ ತಾತಿಕ್ ಹೆಣೆದುಕೊಟ್ಟ ಕಂದು ಬಣ್ಣದ ಉಣ್ಣೆಯ ಟೋಪಿಯೊಂದಿತ್ತು. ಅದರ ಮುಂಭಾಗದಲ್ಲಿ, ಸರಿಯಾಗಿ ಹಣೆಗೆ ಬರುವ ಕಡೆ, ಅಂಗೈಯಗಲದ ಹಳದಿ ಕಲೆ. ನಾನು ಅದನ್ನು ಸೋಪಿನ ನೀರಿನಲ್ಲಿ ನೆನೆಸಿ ಬ್ರಷ್ಷಿನಿಂದ ಉಜ್ಜಿದೆ. ಅರ್ಧ ಹೋಯಿತು, ಅರ್ಧ ಉಳಿಯಿತು.

“ಟೋಪಿ ಹಾಕ್ಕೊಂಡೇ ಸಾಂಬಾರ್ ಊಟ ಮಾಡ್ತಿದ್ಯೇನೇ? ಹಣೆಗೆಲ್ಲಾ ಚೆಲ್ಕೊಂಡಿದೀಯಲ್ಲ!” ಎಂದೆ.

ಅವಳು ಟೋಪಿಯನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನೋಡಿದಳು. “ಉಜ್ಜೇಬಿಟ್ಯಾ? ಹೋಗ್ಲಿ ಬಿಡು, ಅದೊಂದು ದೊಡ್ಡ ಕಥೆ,” ಎಂದಳು. ಅಷ್ಟರಲ್ಲಿ ಯಾರದೋ ಫೋನ್ ಬಂದಿತು. ಕಥೆಯನ್ನು ನಾನು ಮತ್ತೆ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಟೋಪಿ ನನ್ನ ಟ್ರಂಕಿನ ತಳ ಸೇರಿತು.

ಈಗ ಅವಳು ಇಲ್ಲಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದಾಳೆ. ಕಳೆದ ನವೆಂಬರಿನ ಒಂದು ಶುಕ್ರವಾರ ತಾತಿಕ್ ಜೊತೆ ಮಾತಾಡಿ ಮುಗಿಸಿ, ತಟ್ಟೆಯ ಮುಂದೆ ಕುಳಿತು, ಏನೋ ನೆನಪಾದವಳಂತೆ ಹೇಳಿದಳು: ತಾತಿಕ್ ಅವರ ಕಾಲರ್ ಹರಿದಿದೆಯಂತೆ. ಅದು ಅವರೇ ಸೂಜಿಯಲ್ಲಿ ಗಂಟು ಹಾಕುತ್ತಾ ಮಾಡಿಕೊಂಡದ್ದು. ಈಗ ಕಣ್ಣು ಮಂಜು, ಇನ್ನೊಂದು ಮಾಡಲಾಗದು. ಮೊಮ್ಮಗಳು ಅಂಗಡಿಯಿಂದ ಸ್ಕಾರ್ಫ್ ತಂದುಕೊಡುತ್ತೇನೆ ಎಂದಳಂತೆ. ಅದಕ್ಕೆ ಇವರು ಮುನಿಸಿಕೊಂಡಿದ್ದಾರಂತೆ. ಜೊತೆಗೆ ಇನ್ನೊಂದು ಸುದ್ದಿ: ಮಗಳ ಕಾಲೇಜಿನ ಕಿರಿಯ ವಿದ್ಯಾರ್ಥಿನಿಯೊಬ್ಬಳು ರಜೆ ಮುಗಿಸಿ ಮುಂದಿನ ಶನಿವಾರ ಯೆರೆವಾನಿಗೆ ಹಿಂದಿರುಗುತ್ತಿದ್ದಾಳೆ, ಅರ್ಧ ಕೆಜಿಯೊಳಗಿನ ಪೊಟ್ಟಣವಾದರೆ ಒಯ್ಯುತ್ತಾಳೆ.

ನಾನು ಎಂದೋ ತೆಗೆದಿಟ್ಟಿದ್ದ ರೇಷ್ಮೆ ಸೀರೆಯ ಪ್ರಸ್ತಾಪ ಮಾಡಿದೆ.

“ಸೀರೆ ಬೇಡಮ್ಮಾ. ಬೀರುನಲ್ಲಿಟ್ಟು ಬಂದೋರಿಗೆಲ್ಲಾ ತೋರಿಸ್ತಾರೆ ಅಷ್ಟೇ. ಉಡೋದ್ ಹೇಗೆ?”

“ಹಾಗಾದ್ರೆ ಕಾಲರ್ ಕಳಿಸೋಣ. ಅವರದ್ದರ ಥರದ್ದೇ.”

ಅವಳು ನಗತೊಡಗಿದಳು. “ಆರ್ಮೇನಿಯಾ ಲೇಸು ಚಾಮರಾಜಪೇಟೆಯಿಂದಾ? ಯೆರೆವಾನಿಂದ ಯಾರೋ ನಿಂಗೆ ರಾಗಿಮುದ್ದೆ ಪಾರ್ಸಲ್ ಕಳಿಸ್ದಂಗಿರತ್ತೆ!”

“ಕಳಿಸಿದ್ರೆ ಕಣ್ಣಿಗೊತ್ಕೊಂಡು ತಿಂತೀನಿ ಕಣೇ. ತಮಾಷೆ ಸಾಕು.”

ಹೀಗೆ ನನಗೆ ದೊರೆತ ಕಾಲಾವಕಾಶ ಏಳು ದಿನ. ಆ ಹೆಂಗಸು ಹತ್ತೊಂಬತ್ತು ದಿನ ನನ್ನ ಜಾಗದಲ್ಲಿ ಕುಳಿತಿದ್ದರು. ಅವರು ಬೇಕೆಂದು ಬಾಯಿಬಿಟ್ಟ ಒಂದೇ ಒಂದು ವಸ್ತುವನ್ನು ಸರಿಯಾಗಿ ತಲುಪಿಸಲಾಗದಿದ್ದರೆ ಇನ್ನೆಂದೂ ಆಗದು ಎಂದು ನನ್ನ ಮನಸ್ಸು ತಾನಾಗಿಯೇ ತೀರ್ಮಾನಿಸಿಬಿಟ್ಟಿತು.

ಸೋಮವಾರ ಕಚೇರಿ ಮುಗಿದ ಕೂಡಲೇ ಗಾಂಧಿ ಬಜಾರಿಗೆ ಹೋದೆ. ಪಾದಚಾರಿ ಮಾರ್ಗದಲ್ಲಿ ಹಸಿ ಕಡಲೆಕಾಯಿಯ ರಾಶಿಗಳು, ಅವುಗಳ ನಡುವೆ ದಾರಿ ಮಾಡಿಕೊಂಡು ಎರಡು ಮ್ಯಾಚಿಂಗ್ ಸೆಂಟರ್‌ಗಳನ್ನು ವಿಚಾರಿಸಿದೆ. ಸೀರೆಯ ಫಾಲ್ಸು, ಲೈನಿಂಗ್ ಬಟ್ಟೆ, ಗುಂಡಿ ಮಾರುವ ಆ ಅಂಗಡಿಗಳಲ್ಲಿ ಲೇಸಿಗೆ ಕೊರತೆಯಿರಲಿಲ್ಲ. ಎಲ್ಲವೂ ಯಂತ್ರದ್ದು, ರಟ್ಟಿನ ಉರುಳೆಗೆ ಸುತ್ತಿದ್ದು.

“ಎಷ್ಟ್ ಮೀಟರ್ ಕತ್ತರಿಸ್ಲಿ ಮೇಡಂ?” ಎಂದರು ಅಂಗಡಿಯವರು.

“ಕೈಯಲ್ಲಿ ಮಾಡಿದ್ದು ಬೇಕಿತ್ತು.”

“ಕೈಲಿ ಈಗ ಯಾರ್ ಮಾಡ್ತಾರೆ? ಯಾರಿಗೆ ಕೊಡೋದು?”

“ಫಾರಿನ್‌ನವರಿಗೆ.”

“ಅಯ್ಯೋ, ಹಂಗಾದ್ರೆ ಇದೇ ಕೊಡಿ. ಅವ್ರಿಗೇನ್ ಗೊತ್ತಾಗುತ್ತೆ!”

ಗೊತ್ತಾಗುವ ಏಕೈಕ ವ್ಯಕ್ತಿಗೇ ಇದು ಹೋಗಬೇಕಾಗಿದೆ ಎಂದು ವಿವರಿಸಲು ಹೋಗದೆ ಹೊರಬಂದೆ. ಮಂಗಳವಾರ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆ. ಅಲ್ಲಿಯೂ ಉರುಳೆಗಳೇ. ಬುಧವಾರ ಬೆಳಿಗ್ಗೆ ಕಚೇರಿಯಲ್ಲಿ ನಾನು ಒಂದು ಹಾಳೆಯ ಮೇಲೆ ನೋಡಿದ ಅಂಗಡಿಗಳನ್ನೂ ನೋಡಬೇಕಾದವನ್ನೂ ಬರೆದುಕೊಳ್ಳುತ್ತಿದ್ದೆ. ಪಕ್ಕದ ಮೇಜಿನ ಸಹೋದ್ಯೋಗಿ ಬಗ್ಗಿ ನೋಡಿದರು.

“ಏನ್ ಮೇಡಂ, ಕಾಲರ್‌ಗೆ ಟೆಂಡರ್ ಕರೀತಿದೀರಾ?”

ಅವರಿಗೆ ವಿಷಯ ತಿಳಿಸಿದೆ. ನಗುವುದನ್ನು ನಿಲ್ಲಿಸಿ ಮೊಬೈಲು ತೆಗೆದರು. ತಮ್ಮ ತಂಗಿಯ ಸೀರೆಗಳಿಗೆ ಕುಚ್ಚು ಕಟ್ಟುವ ಹೆಂಗಸೊಬ್ಬರು ಬೇರೆ ಏನೇನೋ ಕೈಕೆಲಸ ಮಾಡಿ ಅಂತರ್ಜಾಲದಲ್ಲಿ ಫೋಟೊ ಹಾಕುತ್ತಿರುತ್ತಾರೆಂದು ಹೇಳುತ್ತಾ ತೋರಿಸಿದರು. ದಾರದ ಓಲೆ, ಬ್ಯಾಗು, ಅವುಗಳ ಕೆಳಗೆ ಬಿಳಿಯ ಲೇಸಿನ ತುಣುಕು. ಪಕ್ಕದಲ್ಲಿ ಬರೆದಿತ್ತು: ಆರ್ಮೇನಿಯಾ ಮಾದರಿ, ಕೈಯಲ್ಲೇ ಮಾಡಿದ್ದು. ನಾನು ಆ ಸಾಲನ್ನು ಎರಡು ಸಲ ಓದಿದೆ. ಅಂದೇ ಸಂಜೆ ಮಾರ್ಕೆಟ್ ನಿಲ್ದಾಣದಿಂದ ಮೆಟ್ರೋ ಹತ್ತಿ ಶ್ರೀರಾಂಪುರದಲ್ಲಿ ಇಳಿದೆ.

ಅವರ ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಕಿಟಕಿಯ ಸರಳಿಗೆ ಸೀರೆಗಳ ಸೆರಗುಗಳನ್ನು ಕಟ್ಟಿ ಇಳಿಬಿಟ್ಟಿದ್ದರು. ಕೆಲವಕ್ಕೆ ಕುಚ್ಚು ಮುಗಿದಿತ್ತು, ಕೆಲವು ಅರ್ಧದಲ್ಲಿದ್ದವು. ಎದುರು ಗೋಡೆಯ ಮೇಲೆ ಕೆಂಪು ದಾರದ ಪುಟ್ಟ ದಾಳಿಂಬೆಗಳ ಓಲೆಗಳು, ಆರ್ಮೇನಿಯಾದ ರತ್ನಗಂಬಳಿಗಳಲ್ಲಿ ಕಾಣುವ ಎಂಟು ಮೂಲೆಯ ನಕ್ಷತ್ರವನ್ನು ಕಸೂತಿ ಮಾಡಿದ ಕೈಚೀಲಗಳು, ಹಕ್ಕಿಯಾಕಾರದಲ್ಲಿ ಬಾಗಿದ ಅಕ್ಷರಗಳನ್ನು ಅಂಚಿಗೆ ಹೊಲಿದ ಸ್ಕಾರ್ಫು. ಆ ಅಕ್ಷರಗಳನ್ನು ಮಗಳ ಪುಸ್ತಕಗಳ ಮೇಲೆ ನೋಡಿದ್ದೆ. ಶ್ರೀರಾಂಪುರದ ಗೋಡೆಯ ಮೇಲೆ ಅವು ಕಂಡಾಗ, ಪರವೂರಿನಲ್ಲಿ ಗುರುತಿನವರು ಸಿಕ್ಕಿದಂತಾಯಿತು.

“ಇದನ್ನೆಲ್ಲಾ ಎಲ್ಲಿ ಕಲಿತಿರಿ?” ಎಂದೆ.

ನಲವತ್ತರ ಆಸುಪಾಸಿನ ಹೆಂಗಸು. ಕೈ ನಿಲ್ಲಿಸದೆ ಉತ್ತರಿಸಿದರು. “ಒಬ್ರು ವಯಸ್ಸಾದೋರು ಹಳೇ ಮೇಜಿನ ಬಟ್ಟೆ ರಿಪೇರಿಗೆ ತಂದಿದ್ರು. ಅವ್ರ ಅಜ್ಜಿ ಕಡೆಯೋರು ಆರ್ಮೇನಿಯಾದಿಂದ ಕಲ್ಕತ್ತಾಗೆ ಬಂದು ನೆಲೆಸಿದ್ರಂತೆ. ಹರಿದಿದ್ದ ಸಾಲು ಬಿಚ್ತಾ ಬಿಚ್ತಾ ನೋಡ್ತೀನಿ, ನಾವ್ ಕುಚ್ಚಿಗೆ ಹಾಕೋ ಗಂಟಿಗೂ ಅದಕ್ಕೂ ಅಕ್ಕ ತಂಗಿ ಥರ ಇದೆ. ಆಮೇಲೆ ವಿಡಿಯೊ ನೋಡ್ಕೊಂಡ್ ನೋಡ್ಕೊಂಡ್ ಕಲ್ತೆ. ಏನ್ ಬೇಕಿತ್ತು ನಿಮಗೆ?”

ಕಾಲರ್ ಎಂದೆ. ರಟ್ಟಿನ ಡಬ್ಬಿಯೊಂದನ್ನು ತೆಗೆದರು. ತೆಳು ಕಾಗದದ ನಡುವೆ ಒಂದೇ ಒಂದಿತ್ತು. ಹಾಲಿನ ಬಿಳುಪಿಗಿಂತ ಸ್ವಲ್ಪ ಮಾಸಲು ದಾರ. ಸೂಜಿಯಿಂದ ಒಂದೊಂದೇ ಗಂಟು ಹಾಕಿ ಬೆಳೆಸಿದ ವೃತ್ತಗಳು, ವೃತ್ತದೊಳಗೆ ಹೂವು. ಎರಡು ತಿಂಗಳ ಬಿಡುವಿನ ವೇಳೆಯ ಕೆಲಸವಂತೆ. ವಿಡಿಯೊ ಕರೆಯಲ್ಲಿ ನಾನು ಹತ್ತೊಂಬತ್ತು ಸಂಜೆ ನೋಡಿದ್ದು ಇಂಥದ್ದೇ.

“ಯಾರಿಗೆ, ಮಗಳಿಗಾ?”

“ಅಲ್ಲಿಯವರಿಗೇ. ಆರ್ಮೇನಿಯಾದ ಒಬ್ಬ ಅಜ್ಜಿಗೆ.”

ಅವರ ಕೈ ನಿಂತಿತು. ಕಾಲರನ್ನು ಮಡಿಸದೆ ಹಾಗೆಯೇ ಎತ್ತಿ ಡಬ್ಬಿಯಲ್ಲಿಟ್ಟು ಮುಚ್ಚಿದರು. “ಹಂಗಾದ್ರೆ ಕೊಡಲ್ಲ ಅಕ್ಕ.”

“ಯಾಕೆ?”

“ಇಲ್ಲಿಯೋರು ಚೆನ್ನಾಗಿದೆ ಅಂತಾರೆ, ಹಾಕ್ಕೊಂಡ್ ಹೋಗ್ತಾರೆ. ಆ ಅಜ್ಜಿ ಗಂಟು ಎಣಿಸ್ತಾರೆ. ನಾನ್ ಯಾರ ಹತ್ರಾನೂ ಕೂತು ಕಲ್ತೋಳಲ್ಲ. ಅವ್ರ ಮುಂದೆ ನಂದು ಮಕ್ಕಳ ಕಾಪಿ ಬರವಣಿಗೆ. ಬೇಡಕ್ಕ, ಓಲೆ ತಗೊಂಡ್ ಹೋಗಿ, ಬೇರೆ ಯಾರಿಗಾದ್ರೂ ಕೊಡಿ.”

ಅವರ ಭಯ ನನಗೆ ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ ಒತ್ತಾಯಿಸಲು ಬಾಯಿ ಬರಲಿಲ್ಲ. ಎದ್ದು ಹೊರಡುವುದೂ ಆಗಲಿಲ್ಲ. ಕುಳಿತಲ್ಲಿಯೇ ಆ ಹತ್ತೊಂಬತ್ತು ದಿನಗಳ ವಿಷಯ ಹೇಳಿದೆ. ಕಡತದ ವಿಷಯವನ್ನೂ ಹೇಳಿದೆ. ಅದನ್ನು ಅದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಅವರು ಅರ್ಧವಾಗಿದ್ದ ಸೆರಗಿನ ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೇಳಿದರು. ಕೊನೆಗೆ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

“ಒಂದ್ ಮಾತು. ಅವ್ರು ಹಾಕ್ಕೊಂಡಿರೋ ಫೋಟೊ ಕಳಿಸ್ಬೇಕು. ತಪ್ಪು ಅಂದಿದ್ರೆ ತಪ್ಪು ಅಂತಾನೇ ಹೇಳ್ಬೇಕು, ಸಕ್ಕರೆ ಬೆರೆಸ್ಬಾರ್ದು.”

“ಇದ್ದದ್ದನ್ನು ಇದ್ದಂತೆಯೇ ತಿಳಿಸುತ್ತೇನೆ.”

“ಇನ್ನೊಂದು. ನೀರ್ ಮುಟ್ಟಿಸ್ಬೇಡಿ. ಇಸ್ತ್ರಿ ಬೇಡ. ಹಿಂಗೇ ಕಳಿಸಿ. ನಾನ್ ಏನಂದೆ, ಹೇಳಿ?”

“ನೀರು ಮುಟ್ಟಿಸುವುದಿಲ್ಲ.”

ಹೀಗೆ ನಾನು ಮಾತು ಕೊಟ್ಟೆ. ಇದನ್ನು ವಿಶೇಷವಾಗಿ ದಾಖಲಿಸುತ್ತಿದ್ದೇನೆ.

ಗುರುವಾರ ಬೆಳಿಗ್ಗೆ ಸ್ನಾನ ಮುಗಿಸಿ ದೇವರ ಮುಂದೆ ದೀಪ ಹಚ್ಚಿದೆ. ಮಗಳು ಆಸ್ಪತ್ರೆಗೆ ಹೋಗಿಯಾಗಿತ್ತು. ಕಾಲರನ್ನು ಹಿತ್ತಾಳೆಯ ತಟ್ಟೆಯಲ್ಲಿ ಹರಡಿ ದೀಪದ ಪಕ್ಕದಲ್ಲಿಟ್ಟೆ. ನಮ್ಮ ಮನೆಯಲ್ಲಿ ಯಾವ ಹೊಸ ಬಟ್ಟೆಯೂ ಮೂಲೆಗೆ ಅರಿಶಿನ ಸೋಕದೆ ಮೈ ಮುಟ್ಟುವುದಿಲ್ಲ. ಯಜಮಾನರು ತೀರಿಕೊಂಡ ಮೇಲೆ ನನ್ನ ಕೈಯಿಂದ ಅದು ಕೂಡದೆಂದು ಹಿರಿಯರೊಬ್ಬರು ಹೇಳಿದ್ದರು. ಮಗಳ ಬಟ್ಟೆಗಳ ಮಟ್ಟಿಗೆ ನಾನು ಆ ಆದೇಶವನ್ನು ಪಾಲಿಸಲಿಲ್ಲ. ಶಾಲೆಯ ಸಮವಸ್ತ್ರಕ್ಕೆ, ಯೆರೆವಾನಿಗೆ ಹೊರಟಾಗ ಕೊಂಡ ಸ್ವೆಟರಿಗೆ, ಬಿಳಿಯ ಕೋಟಿಗೆ, ಎಲ್ಲಕ್ಕೂ ಹಚ್ಚಿದ್ದೇನೆ. ಬೇರೆಯವರು ಹಚ್ಚಿ ಕೊಟ್ಟರೂ ನಂಬಿಕೆಯಿಲ್ಲದೆ ಇನ್ನೊಂದು ಸಲ ಹಚ್ಚಿದ್ದೇನೆ. ಅಂದೂ ಉಂಗುರದ ಬೆರಳು ಕಲಸಿದ ಅರಿಶಿನದ ಬಟ್ಟಲಿಗೆ ಹೋಯಿತು. ಕಾಲರಿಗೆ ಮೂಲೆಗಳಿರಲಿಲ್ಲ. ಎಡ ತುದಿಗೆ ಹಚ್ಚಿದೆ.

ಹಚ್ಚಿದ ಮೇಲೆ ಕಂಡಿತು.

ಸೀರೆಯ ಮೂಲೆಯಲ್ಲಾದರೆ ಅದು ಒಳಮಡಿಕೆಗೆ ಸೇರಿ ಮರೆಯಾಗುತ್ತದೆ. ಇಲ್ಲಿ ಹಸಿ ಅರಿಶಿನವು ದಾರದಿಂದ ದಾರಕ್ಕೆ ಹರಿಯುತ್ತಾ, ಗಂಟಿನಿಂದ ಗಂಟಿಗೆ ದಾಟುತ್ತಾ, ನನ್ನ ಕಣ್ಣೆದುರಿಗೇ ಒಂದು ಹೂವನ್ನು ಪೂರ್ತಿ ತುಂಬಿತು. ಕಾಲರ್ ಕಟ್ಟಿಕೊಂಡಾಗ ಅದು ಬರುವುದು ಗಂಟಲಿನ ಮುಂದೆಯೇ. ಎದುರಿಗೆ ನಿಂತ ಯಾರಿಗಾದರೂ ಮೊದಲು ಕಾಣುವುದು ಅದೇ.

ಆನಂತರ ನಾನು ಮಾಡಿದ ಕೆಲಸಗಳಿಗೆ ಸಮರ್ಥನೆಯಿಲ್ಲ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಗೊತ್ತಿದ್ದೂ ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿದೆ. ಹಳದಿ ಹೂವು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ನಿಂಬೆಹಣ್ಣು ಹಿಂಡಿದೆ. ಮತ್ತೆ ಹಳದಿಯಾಯಿತು. ನೀರು ಮುಟ್ಟಿಸುವುದಿಲ್ಲವೆಂದು ಹೇಳಿ ಆಗ ಹದಿನೈದು ಗಂಟೆಯೂ ಆಗಿರಲಿಲ್ಲ.

ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದೆ. ಬೇರೆ ದಾರಿಯಿರಲಿಲ್ಲ. ಆದರೆ ಅದು ನವೆಂಬರ್. ನಾಲ್ಕು ದಿನಗಳಿಂದ ಬೆಂಗಳೂರಿನ ಮೇಲೆ ಒದ್ದೆ ಹತ್ತಿಯಂಥ ಮೋಡ ಕುಳಿತಿತ್ತು. ಅರ್ಧ ದಿನದ ರಜೆ ಪಡೆದು ಮಧ್ಯಾಹ್ನ ಮನೆಗೆ ಬಂದು, ತಾರಸಿಯಲ್ಲಿ ಬಿಳಿ ಟವೆಲಿನ ಮೇಲೆ ಕಾಲರನ್ನು ಹಾಸಿ ಕಾದೆ. ಸೂರ್ಯ ಬರಲಿಲ್ಲ. ಶುಕ್ರವಾರಕ್ಕೆ ಪೂರ್ತಿ ರಜೆ ಕೋರಿದೆ. ಕಾರಣವೆಂಬ ಕಡೆ ‘ವೈಯಕ್ತಿಕ’ ಎಂದು ಬರೆದೆ. ಅದಕ್ಕಿಂತ ನಿಖರವಾದ ಪದ ಹೊಳೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ತಾರಸಿಯಲ್ಲಿದ್ದೆ. ಬಟ್ಟೆ ಹರವಲು ಬಂದ ಕೆಳಗಿನ ಮನೆಯವರು ನನ್ನನ್ನೂ ಟವೆಲನ್ನೂ ನೋಡಿದರು.

“ಏನ್ರೀ, ಇಷ್ಟಗಲ ಬಟ್ಟೆಗೆ ಕಾವಲು ಕೂತಿದೀರಾ? ಕಾಗೆ ಹೊತ್ಕೊಂಡ್ ಹೋಗುತ್ತಾ?”

“ಹಾಗಲ್ಲ, ಬಿಸಿಲು ಬರಲಿ ಅಂತ.”

“ಬಿಸಿಲಿಗೂ ಕಾವಲಾ! ಬಂದ್ರೆ ನಮ್ಮನೆ ಬೆಡ್‌ಶೀಟಿಗೂ ಸ್ವಲ್ಪ ಹೇಳಿ,” ಎಂದು ನಗುತ್ತಾ ಇಳಿದುಹೋದರು.

ಹತ್ತೂವರೆಗೆ ಮೋಡ ಸ್ವಲ್ಪ ತೆಳುವಾಯಿತು. ಬಿಸಿಲು ಬಂದು, ನಾನು ಟವೆಲನ್ನು ಅದರ ಕಡೆ ಎಳೆಯುವಷ್ಟರಲ್ಲಿ ಹೋಯಿತು. ಮತ್ತೆ ಬಂತು. ಪ್ರತಿ ಬಾರಿಯೂ ಬಗ್ಗಿ ನೋಡುತ್ತಿದ್ದೆ. ಹಳದಿ ಕಡಿಮೆಯಾಗುತ್ತಿದೆಯೋ, ಕಡಿಮೆಯಾಗಲೆಂಬ ನನ್ನ ಆಸೆಯೇ ಹಾಗೆ ತೋರಿಸುತ್ತಿದೆಯೋ ತಿಳಿಯುತ್ತಿರಲಿಲ್ಲ. ನೀರು ಕಂಡದ್ದರಿಂದ ತುದಿಯ ದಾರ ಸ್ವಲ್ಪ ಸುರುಟಿಕೊಂಡಿತ್ತು. ಅದನ್ನು ಬೆರಳಿನಿಂದ ನೇರ ಮಾಡುತ್ತಾ ಕುಳಿತೆ. ಕಾಲರಿನ ಬದಲು ಸ್ಕಾರ್ಫ್ ಕೊಂಡು ಕಳುಹಿಸುವುದೇ? ಮೊಮ್ಮಗಳು ತರುತ್ತೇನೆಂದಾಗ ಅವರು ಮುನಿಸಿಕೊಂಡದ್ದು ಅದಕ್ಕೇ ಅಲ್ಲವೇ? ಕಲೆಯಿರುವುದನ್ನೇ ಕಳುಹಿಸಿದರೆ, ಹಳೆಯದನ್ನು ದಾಟಿಸಿದ್ದಾರೆ ಎಂದುಕೊಂಡರೆ?

ಹನ್ನೊಂದೂವರೆಗೆ ಮಗಳು ತಾರಸಿಗೆ ಬಂದಳು. ಅಂದು ಬೇಗ ಬಿಟ್ಟಿದ್ದರಂತೆ. ಮನೆಯಲ್ಲಿ ನನ್ನ ಚಪ್ಪಲಿಯಿದ್ದು ನಾನಿಲ್ಲದಿರುವುದನ್ನು ಕಂಡು ಗಾಬರಿಯಿಂದ ಹತ್ತಿ ಬಂದಿದ್ದಳು.

“ಆಫೀಸಿಲ್ವಾ? ಹುಷಾರಿಲ್ವಾ ನಿಂಗೆ?”

ನಾನು ಟವೆಲಿನ ಕಡೆ ಕೈ ತೋರಿಸಿದೆ. ಅವಳು ಕುಕ್ಕರುಗಾಲಿನಲ್ಲಿ ಕುಳಿತು ನೋಡಿದಳು.

“ಅರಿಶಿನ ಹಚ್ಚಿದ್ಯಾ?”

“ಕೈ ತಾನಾಗೇ ಹೋಯ್ತು ಕಣೇ. ತಪ್ಪಾಯ್ತು. ಸೋಪೂ ಹಾಕ್ದೆ. ನಾಳೆ ಆ ಹುಡುಗಿ ಹೊರಡ್ತಾಳೆ, ಇದು ಹೋಗ್ತಾನೇ ಇಲ್ಲ. ಬೈಯೋದಿದ್ರೆ ಬೈದ್ಬಿಡು.”

ಅವಳು ಎದ್ದು ಕೆಳಗಿಳಿದು ಹೋದಳು. ಟ್ರಂಕಿನ ಮುಚ್ಚಳದ ಸದ್ದು ತಾರಸಿಯವರೆಗೆ ಕೇಳಿಸಿತು. ಹಿಂದಿರುಗಿದಾಗ ಅವಳ ಕೈಯಲ್ಲಿ ಕಂದು ಟೋಪಿಯಿತ್ತು. ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಳಿತಳು.

“ಹೊರಡೋವಾಗ ನೀನೊಂದು ಸ್ವೆಟರ್ ಕೊಡಿಸಿದ್ಯಲ್ಲ, ನೀಲಿದು. ಅದರ ಮೂಲೇಲಿ ಅರಿಶಿನ ಇತ್ತು. ತಾತಿಕ್ ಒಗೆಯೋಕೆ ತಗೊಂಡ್ರು. ಕಲೆ ಅನ್ಕೊಂಡು ಎರಡು ದಿನ ಏನೇನೋ ಹಾಕಿ ಉಜ್ಜಿ ತೆಗೆದು, ನಂಗೆ ಖುಷಿಯಾಗಿ ತೋರ್ಸಿದ್ರು. ನಾನು ಸುಮ್ನಿರ್ಬೇಕಿತ್ತು. ನಮ್ಮಮ್ಮ ಹೊಸ ಬಟ್ಟೆಗೆಲ್ಲಾ ಒಳ್ಳೇದಾಗ್ಲಿ ಅಂತ ಇದನ್ನ ಹಚ್ತಾರೆ ಅಂದ್ಬಿಟ್ಟೆ.”

“ಆಮೇಲೆ?”

“ಅವತ್ತು ಅವರು ಊಟಾನೇ ಮಾಡ್ಲಿಲ್ಲ. ನಿಮ್ಮಮ್ಮ ಕಳಿಸಿದ್ದನ್ನ ನಾನು ತೊಳೆದುಬಿಟ್ಟೆ, ತೊಳೆದುಬಿಟ್ಟೆ ಅಂತ. ಆಮೇಲೆ ಮೂರನೇ ವರ್ಷ ಜ್ವರ ಬಂತಲ್ಲ, ಆಗ ಪಕ್ಕದಲ್ಲಿ ಕೂತು ಈ ಟೋಪಿ ಹೆಣೆದ್ರು. ಮುಗಿದ ದಿನ ನನ್ ಮಸಾಲೆ ಡಬ್ಬಿಗಳಲ್ಲೆಲ್ಲಾ ಹುಡುಕಿ ಅರಿಶಿನ ತಗೊಂಡ್ ಬಂದ್ರು. ಟೋಪಿಗೆ ಮೂಲೆ ಎಲ್ಲಿದೆ? ತಿರುಗಿಸಿ ತಿರುಗಿಸಿ ನೋಡಿ, 'ನಿಮ್ಮಮ್ಮ ಇಲ್ಲಿಲ್ಲ, ಅದಕ್ಕೇ ಜಾಸ್ತಿ ಹಾಕ್ತೀನಿ' ಅಂತ ಹಣೆ ಮೇಲೇ ಹಚ್ಚಿದ್ರು. ಅರ್ಧ ಚಮಚ.”

ನಾನು ಟೋಪಿಯನ್ನು ತೆಗೆದುಕೊಂಡೆ. ನನ್ನ ಬ್ರಷ್ಷು ಉಜ್ಜಿದ ಕಡೆ ಉಣ್ಣೆ ಎದ್ದುನಿಂತಿತ್ತು.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಹೇಳೋಷ್ಟರಲ್ಲಿ ನೀನೂ ಉಜ್ಜಿ ಆಗಿತ್ತಲ್ಲಮ್ಮಾ. ಹೇಳಿದ್ರೆ ನೀನೂ ಊಟ ಬಿಡ್ತಿದ್ದೆ.”

ಅಷ್ಟರಲ್ಲಿ ತಾರಸಿಯ ನೆಲವೆಲ್ಲ ಬೆಳ್ಳಗಾಗಿರುವುದು ಗಮನಕ್ಕೆ ಬಂದಿತು. ವಾರದ ಮೊದಲ ನಿಜವಾದ ಬಿಸಿಲು. ಎರಡು ದಿನ ಯಾವುದಕ್ಕಾಗಿ ಬೇಡಿಕೊಂಡಿದ್ದೆನೋ ಅದು ನೇರವಾಗಿ ಕಾಲರಿನ ಮೇಲೆ ಬಿದ್ದಿತ್ತು. ನಾನು ಓಡಿಹೋಗಿ ಟವೆಲಿನೊಂದಿಗೆ ಅದನ್ನು ಎತ್ತಿ ಎದೆಗೆ ಹಿಡಿದು ಮೆಟ್ಟಿಲಿನ ನೆರಳಿಗೆ ಬಂದೆ. ಬಿಚ್ಚಿ ನೋಡಿದರೆ ಹೂವಿನ ನಡುವೆ, ಒಣಗಿದ ಟೀ ಹನಿಯಷ್ಟು ತೆಳುವಾಗಿ, ಒಂದು ಗುರುತು ಉಳಿದಿತ್ತು.

“ಇನ್ನೊಂದ್ಸಲ ಹಚ್ಲಾ?” ಎಂದು ಕೇಳಿದೆ.

“ಬೇಡ ತಾಯಿ! ಕೈ ಮುಗೀತೀನಿ, ಸುಮ್ನೆ ಕಳಿಸು.”

ಪೊಟ್ಟಣದೊಳಗಿಡಲು ಅಂದು ಸಂಜೆ ಒಂದು ಪತ್ರ ಬರೆದೆ, ಮಗಳು ಭಾಷಾಂತರಿಸಲೆಂದು. ‘ಮಾನ್ಯರೇ, ವಿಷಯ: ನನ್ನ ಮಗಳ ಅನಾರೋಗ್ಯದ ಅವಧಿಯಲ್ಲಿ ತಾವು ಸಲ್ಲಿಸಿದ ಶುಶ್ರೂಷೆಯ ಬಗ್ಗೆ’ ಎಂದು ಆರಂಭಿಸಿದ್ದೆ.

“ಇದೇನಮ್ಮಾ, ತಾತಿಕ್‌ಗೆ ಶೋಕಾಸ್ ನೋಟಿಸ್ ಕೊಡ್ತಿದೀಯಾ?” ಎಂದಳು. ಆದರೂ ಕುಳಿತು, ತನಗೆ ಬಂದಷ್ಟರಲ್ಲಿ, ಪೂರ್ತಿ ಬರೆದುಕೊಟ್ಟಳು. ಶನಿವಾರ ಪೊಟ್ಟಣ ಹೋಯಿತು.

ಮಂಗಳವಾರ ಸಂಜೆ ತಾತಿಕ್ ಅವರ ಕರೆ ಬಂದಾಗ ನಾನು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಮಗಳ ಪಕ್ಕದಲ್ಲಿ ಕುಳಿತೆ. ಅವರು ಮೊದಲಿಗಿಂತ ಸಣ್ಣಗಾಗಿದ್ದರು. ಕಪ್ಪು ಉಡುಪಿನ ಕುತ್ತಿಗೆ ಬರಿದಾಗಿತ್ತು. ಕಾಲರನ್ನು ಮೇಜಿನ ಮೇಲೆ ಹರಡಿ, ಕನ್ನಡಕದ ಮೇಲೆ ಭೂತಗನ್ನಡಿಯನ್ನೂ ಹಿಡಿದು ನೋಡುತ್ತಿದ್ದರು. ಶ್ರೀರಾಂಪುರದವರು ಹೇಳಿದಂತೆಯೇ ಆಯಿತು. ತುಟಿಯಲ್ಲಿ ಗಂಟು ಎಣಿಸುತ್ತಿದ್ದರು. ಒಂದು ಕಡೆ ಬೆರಳಿಟ್ಟು ಏನೋ ಹೇಳಿ ನಕ್ಕರು.

“ನಾಲ್ಕನೇ ಸಾಲಲ್ಲಿ ಒಂದು ಗಂಟು ಉಲ್ಟಾ ತಿರುಗಿದೆಯಂತೆ. ಮಾಡಿದೋಳಿಗೆ ಆಗ ಯಾರೋ ಬಾಗಿಲು ತಟ್ಟಿರ್ಬೇಕು ಅಂತಿದಾರೆ,” ಎಂದಳು ಮಗಳು. “ಉಳಿದಿದ್ದು ಅವರಮ್ಮನ ಕೈ ಥರಾನೇ ಇದೆಯಂತೆ.”

ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಅವರು ಕಾಲರನ್ನು ಕೆಳಗಿಡಲಿಲ್ಲ. ಬಲ ತುದಿಯನ್ನು ತಿರುಗಿಸಿ ನೋಡಿದರು. ಎಡ ತುದಿಯನ್ನು ನೋಡಿದರು. ಹಿಂಬದಿ ನೋಡಿದರು. ಆನಂತರ ನನ್ನ ಕಡೆ ನೋಡಿ ಒಂದು ಪ್ರಶ್ನೆ ಕೇಳಿದರು.

“ಅರಿಶಿನ ಎಲ್ಲಿ ಅಂತ ಕೇಳ್ತಿದಾರೆ.”

“ಇದೆ ಅಂತ ಹೇಳೇ. ಎಡಗಡೆ. ಹೂವಿನ ಮಧ್ಯ. ತುಂಬಾ ತೆಳು.”

ಅವಳು ಹೇಳಿದಳು. ತಾತಿಕ್ ಭೂತಗನ್ನಡಿಯನ್ನು ಹತ್ತಿರ ತಂದರು, ದೂರ ಒಯ್ದರು. ತಲೆಯಾಡಿಸಿದರು. ಕಾಣಲಿಲ್ಲ. ಎದ್ದು ಹೋದರು. ಫೋನಿನಲ್ಲಿ ಒಂದು ಮರದ ಕುರ್ಚಿ ಮಾತ್ರ ಉಳಿಯಿತು. ಬೇಸರವಾಯಿತೇ, ಹಚ್ಚದೆಯೇ ಕಳುಹಿಸಿದೆನೆಂದು ತಿಳಿದರೇ ಎಂದು ನಾನು ಮಗಳ ಮೊಣಕೈ ಹಿಡಿದುಕೊಂಡಿದ್ದೆ.

ಅವರು ಹಿಂದಿರುಗಿದಾಗ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿಯಿತ್ತು. ಮಗಳು ಬಿಟ್ಟುಬಂದದ್ದು; ಚಾಮರಾಜಪೇಟೆಯಿಂದ ನಾನು ತುಂಬಿ ಕಳುಹಿಸಿದ್ದು. ಮುಚ್ಚಳ ತೆಗೆದು, ಬೆರಳನ್ನು ನಾಲಗೆಗೆ ತಾಗಿಸಿ ಡಬ್ಬಿಗೆ ಅದ್ದಿದರು. ಬೆರಳಿನ ತುಂಬ ಹಳದಿ.

“ಸ್ವಲ್ಪ! ಸ್ವಲ್ಪ ಸಾಕು!” ಎಂದು ನಾನು ಕನ್ನಡದಲ್ಲಿಯೇ ಕೂಗಿದೆ.

ಅವರಿಗೆ ಏನು ತಿಳಿಯಿತೋ ಕಾಣೆ. ನನ್ನನ್ನು ನೋಡಿ, ಬೆರಳನ್ನು ಡಬ್ಬಿಯ ಅಂಚಿಗೆ ಒಮ್ಮೆ ತಟ್ಟಿ, ಉಳಿದದ್ದನ್ನು ಎಡ ತುದಿಗೆ ಹಚ್ಚಿದರು. ನಂತರ ಕಾಲರನ್ನು ಕುತ್ತಿಗೆಗೆ ಕಟ್ಟಿಕೊಂಡು, ಫೋನನ್ನು ತಮ್ಮ ಎದೆಯ ಕಡೆಗೆ ತಿರುಗಿಸಿ, ನಾನು ನೋಡುವಷ್ಟು ಹೊತ್ತೂ ಅಲುಗದೆ ಹಿಡಿದುಕೊಂಡರು.

ಮಗಳು ಫೋಟೊ ತೆಗೆದಳು. ಮಾತು ಕೊಟ್ಟಿದ್ದ ಪ್ರಕಾರ ಅದನ್ನು ಅಂದೇ ಶ್ರೀರಾಂಪುರಕ್ಕೆ ಕಳುಹಿಸಿ, ನಾಲ್ಕನೇ ಸಾಲಿನ ವಿಷಯವನ್ನು ಸಕ್ಕರೆ ಬೆರೆಸದೆ ತಿಳಿಸಿದೆ. ‘ನಾಲ್ಕನೇದೇ! ನಂಗೊತ್ತಿತ್ತು ಅಕ್ಕ. ಅವತ್ತು ಗ್ಯಾಸ್‌ನವನು ಬಂದಿದ್ದ’ ಎಂದು ತಕ್ಷಣ ಉತ್ತರ ಬಂದಿತು. ಸ್ವಲ್ಪ ಹೊತ್ತಿನ ನಂತರ ಇನ್ನೊಂದು. ಫೋಟೊವನ್ನು ಹಿಗ್ಗಿಸಿ ನೋಡಿರಬೇಕು. ನಾನು ಆರಂಭದಲ್ಲಿ ಉಲ್ಲೇಖಿಸಿದ ಪ್ರಶ್ನೆ ಇದೇ:

‘ಅಕ್ಕ, ಎಡಗಡೆ ತುದಿಯಲ್ಲಿ ಏನದು ಹಳದಿ? ನೀರು ಮುಟ್ಟಿಸಿದ್ರಾ?’

ಮೇಲಿನ ವಿವರಗಳೇ ಅದಕ್ಕೆ ನನ್ನ ಉತ್ತರ. ಈ ಹಾಳೆಗಳನ್ನೂ ಕಂದು ಟೋಪಿಯನ್ನೂ ತೆಗೆದುಕೊಂಡು ಭಾನುವಾರ ನಾನೇ ಅವರ ಮನೆಗೆ ಹೋಗುವವಳಿದ್ದೇನೆ. ನೀರು ಮುಟ್ಟಿಸಿದ್ದು ನಿಜ. ಸೋಪನ್ನೂ ಹಾಕಿದ್ದೆ. ಈಗ ಇರುವ ಹಳದಿ ಮಾತ್ರ ನನ್ನದಲ್ಲ.